ಆ ಬೆಳಕು ಕಾಯುತ್ತಿತ್ತು

ಅಣ್ಣಾ,

ಫೋನಿನಲ್ಲಾದರೆ ನನ್ನ ನಾಲಿಗೆ ಹಿಡಿತ ತಪ್ಪುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಹೃದಯದ ಆಪರೇಷನ್ ಮುಗಿದ ಮೇಲೆ ನೀನು ನನಗೆ ಸುದ್ದಿ ಕೊಟ್ಟೆ. ಕೇಳಿದರೆ, "ನಿನ್ನ ಕೆಲಸ ಕೆಡಬಾರ್ದು ಅಂತ ಸುಮ್ನಿದ್ದೆ" ಎಂದೆ. ಇವತ್ತು ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಅಮ್ಮ, "ನಿನಗೆ ಪುರುಸೊತ್ತಿಲ್ವಂತಲ್ಲ, ನಕ್ಷತ್ರಾನೇ ನೋಡ್ಕೊಂಡಿರು" ಎಂದು ಫೋನ್ ಇಟ್ಟುಬಿಟ್ಟಳು. ಆಮೇಲೆ ಅತ್ತಿಗೆ ಹೇಳಿದರು. ಆಪರೇಷನ್ನಿಗೆ ಮೊದಲು ಪುಟ್ಟಿ ಬರಲಿಲ್ಲವೇ ಎಂದು ಅಮ್ಮ ಕೇಳಿದಾಗ ನೀನು, "ಹೇಳಿದೀನಿ, ಬರಕ್ಕಾಗಲ್ಲ ಅಂದ್ಲು" ಎಂದೆಯಂತೆ.

ನನ್ನ ಕೆಲಸವೇನೆಂದು ಒಂದು ದಿನವಾದರೂ ಕೇಳಿದ್ದೀಯಾ? ಹತ್ತಿರದ ಗ್ಯಾಲಕ್ಸಿಗಳಲ್ಲಿ ಆಗತಾನೇ ಹುಟ್ಟಿದ ನಕ್ಷತ್ರಗಳ ಸುತ್ತ ಅನಿಲ ಕೆಂಪಗೆ ಹೊಳೆಯುತ್ತದೆ. ಆ ಹೊಳಪನ್ನು ಅಳೆದು, ಅಲ್ಲಿ ಎಷ್ಟು ಬೇಗ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಲೆಕ್ಕ ಹಾಕುತ್ತೇನೆ. ಹತ್ತಿರವೆಂದರೂ ಆ ಬೆಳಕು ಅಲ್ಲಿಂದ ಹೊರಟು ಕೋಟಿ ವರ್ಷ ದಾಟಿದೆ. ಈ ವಾರ ನೋಡದಿದ್ದರೆ ಮುಂದಿನ ವರ್ಷ ನೋಡುತ್ತಿದ್ದೆ. ದೂರದರ್ಶಕದ ನನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟು ಬರಲು ನಿನ್ನದೊಂದು ಮಾತು ಸಾಕಿತ್ತು. ಆಪರೇಷನ್ ಕೋಣೆಗೆ ಹೊರಟ ಅಮ್ಮನ ಕೈ ಹಿಡಿಯುವ ಹೊತ್ತು ಮತ್ತೆ ಬರುತ್ತದೆಯೇ?

ನನ್ನ ಒಳ್ಳೆಯದಕ್ಕೇ ಮಾಡಿದೆ ಎನ್ನಬೇಡ. ನನ್ನ ಒಳ್ಳೆಯದಕ್ಕೆ ಅಮ್ಮನಿಗೆ ಸುಳ್ಳು ಹೇಳಬೇಕಿತ್ತೇ?

ಗುರುವಾರ ಬೆಳಿಗ್ಗೆ ಬರುತ್ತೇನೆ. ಕರೆದುಕೊಂಡು ಹೋಗಲು ಸ್ಟೇಷನ್ನಿಗೆ ಬರಬೇಡ, ದಾರಿ ನನಗೂ ಗೊತ್ತು. ಅಷ್ಟರೊಳಗೆ ಅಮ್ಮನ ಪಕ್ಕ ಕೂತು, ನನಗೆ ತಿಳಿಸಿಯೇ ಇರಲಿಲ್ಲವೆಂದು ನಿನ್ನ ಬಾಯಾರೆ ಹೇಳು. ನಾನು ಹೇಳಿದರೆ ಅವಳು ನಂಬುವುದಿಲ್ಲ. ಚಿಕ್ಕಂದಿನಿಂದಲೂ ಅವಳಿಗೆ ನಿನ್ನ ಮಾತೇ ವೇದವಾಕ್ಯ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಪುಟ್ಟಿ