ರೇಡಿಯೋ ಅಕ್ಕನ ಕುರ್ಚಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ನಿನ್ನಕ್ಕನೂ ಹಸುಗೂಸೂ ಚೆನ್ನಾಗಿದ್ದಾರೆಂದು ತಿಳಿದು ನೆಮ್ಮದಿಯಾಯಿತು. ನನ್ನ ಹೆಸರೆತ್ತಿದರೆ ನಿನ್ನಪ್ಪ ಯಾಕೆ ಮಾತು ತೇಲಿಸುತ್ತಾರೆ ಎಂದು ನೀನು ಫೋನಿನಲ್ಲಿ ಕೇಳಿದಾಗ ಕೆಮ್ಮಿ ತಪ್ಪಿಸಿಕೊಂಡೆ. ಮಗು ಅತ್ತದ್ದು ನನ್ನ ಪುಣ್ಯ. ಬಾಯಲ್ಲಿ ಹೇಳಹೊರಟರೆ ತಡವರಿಸುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾವನವರು ನನ್ನನ್ನು ಪಕ್ಷದ ಮಾಧ್ಯಮ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದು ನಿನಗೆ ಗೊತ್ತು. ಸೋಪಿಗೆ ಜಾಹೀರಾತು ಬರೆದ ಅಳಿಯ ಪಕ್ಷಕ್ಕೂ ಬರೆದಾನು ಎಂದು ಅಧ್ಯಕ್ಷರನ್ನು ಒಪ್ಪಿಸಿದ್ದರು. ಆದರೆ ಆ ಕುರ್ಚಿ ಖಾಲಿ ಇರಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ಅಲ್ಲಿ ರೇಡಿಯೋ ಅಕ್ಕ ಇದ್ದರು. ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ಈಗಲೂ ಅವರು ಟೀ ಬಂತಾ ಎಂದು ಕೇಳಿದರೆ, ಏನೋ ದೊಡ್ಡ ಸುದ್ದಿಯೆಂದು ಎಲ್ಲರೂ ತಲೆಯೆತ್ತುತ್ತಾರೆ.

ಪ್ರಧಾನ ಕಾರ್ಯದರ್ಶಿಯಾದ ಮಾವನವರಿಗೂ ಖಜಾಂಚಿಯವರಿಗೂ ಎಣ್ಣೆ ಸೀಗೆಕಾಯಿ. ಹೋದ ವರ್ಷ ಖಜಾಂಚಿ ತಮ್ಮ ಸೋದರಳಿಯನನ್ನು ಕ್ಯಾಮೆರಾ ಕೆಲಸಕ್ಕೆ ಸೇರಿಸಿದರು. ಅದಕ್ಕೆ ಮಾವನವರು ಕೊಟ್ಟ ಉತ್ತರ ನಾನು. ಇಬ್ಬರ ಜಗಳದಲ್ಲಿ ಯಾವ ಗುಂಪಿಗೂ ಸೇರದ ಅಕ್ಕ ಕುರ್ಚಿ ಕಳೆದುಕೊಂಡರು.

ಮೊದಲ ದಿನ ನಾನು ಹೆದರಿಕೊಂಡೇ ಹೋದೆ. ಅಕ್ಕ ಆಗಲೇ ತಮ್ಮ ಸ್ವೆಟರು, ಕನ್ನಡಕದ ಡಬ್ಬಿ ಎತ್ತಿಕೊಂಡು ಜೆರಾಕ್ಸ್ ಯಂತ್ರದ ಪಕ್ಕದ ಮೇಜಿಗೆ ಹೋಗಿದ್ದರು. ಸಂಜೆಯವರೆಗೆ ಎಲ್ಲವನ್ನೂ ಹೇಳಿಕೊಟ್ಟರು: ಯಾವ ವರದಿಗಾರನಿಗೆ ಊಟಕ್ಕೆ ಮುಂಚೆ ಫೋನ್ ಮಾಡಬಾರದು, ಯಾರು ಅರ್ಧ ಕೇಳಿ ಪೂರ್ತಿ ಬರೆಯುತ್ತಾರೆ, ಅಧ್ಯಕ್ಷರ ನಾಲಗೆಗೆ ಯಾವ ಪದ ತೊಡರುತ್ತದೆ. ನನ್ನ ಮೇಲೆ ನಿಮಗೆ ಸಿಟ್ಟಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಇದೆ," ಎಂದರು. "ಆದ್ರೆ ನೀವು ಎಡವಿದ್ರೆ ಪಕ್ಷದ ಮಾನ ಹೋಗುತ್ತೆ. ನನ್ನ ಸಿಟ್ಟು ಅಷ್ಟು ದುಬಾರಿ ಆಗ್ಬಾರದು ನೋಡಿ."

ಆ ಕ್ಯಾಮೆರಾದವನು ಮಾತ್ರ ಅವರ ಬೆನ್ನ ಹಿಂದೆ, "ಹಳೇ ರೇಡಿಯೋ ಸೆಟ್ಟು, ಬರೀ ಗೊರಗೊರ" ಎಂದು ನಗುತ್ತಿದ್ದ. ಅವರಿಗೆ ಅದು ಕೇಳಿಸುತ್ತಿತ್ತು. ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕಳೆದ ವಾರ ಅಧ್ಯಕ್ಷರು ಒಂದು ಸಭೆಯಲ್ಲಿ, ಮುಷ್ಕರ ಹೂಡಿದ್ದ ಆಸ್ಪತ್ರೆಯ ದಾದಿಯರನ್ನು "ಸಂಬಳದಾಸೆಗೆ ರೋಗಿಗಳನ್ನ ನಡುನೀರಲ್ಲಿ ಕೈಬಿಟ್ಟವರು" ಎಂದುಬಿಟ್ಟರು. ಮಧ್ಯಾಹ್ನದೊಳಗೆ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಕಚೇರಿಯ ಗೇಟಿನ ಮುಂದೆ ದಾದಿಯರು ಜಮಾಯಿಸಿದರು. ಮಾವನವರು ನನ್ನನ್ನು ಬದಿಗೆ ಕರೆದು ಹೇಳಿದ್ದು ಇಷ್ಟು: ಅಧ್ಯಕ್ಷರು ಹಾಗೆ ಹೇಳಿಯೇ ಇಲ್ಲ, ಕ್ಯಾಮೆರಾದವನು ವಿಡಿಯೋ ತಿರುಚಿ ಹರಿಬಿಟ್ಟಿದ್ದಾನೆ, ಅವನನ್ನು ತೆಗೆದುಹಾಕಿದ್ದೇವೆ ಎಂದು ನನ್ನ ಹೆಸರಿನಲ್ಲಿ ಹೇಳಿಕೆ ಹೋಗಬೇಕು. ಅಧ್ಯಕ್ಷರೂ ಉಳಿದರು, ಖಜಾಂಚಿಯ ಕಡೆಯವನೂ ತೊಲಗಿದ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಮಾವನವರು ಕೆಟ್ಟವರಲ್ಲ, ಪುಟ್ಟೀ. ಪಕ್ಷವೆಂದರೆ ಅವರಿಗೆ ಮನೆಯಿದ್ದಂತೆ, ಮನೆಯ ಹುಳುಕು ಬೀದಿಗೆ ಬರಬಾರದು ಎನ್ನುವವರು. ಅದಕ್ಕೇ ನಾನು ಎದುರಾಡದೆ ಬರೆಯಲು ಕುಳಿತೆ. ಮೊದಲ ಸಾಲಿನ ಮೇಲೆ ಅಕ್ಕನ ನೆರಳು ಬಿತ್ತು. ಓದಿದವರೇ ನೇರವಾಗಿ ಅಧ್ಯಕ್ಷರ ಕೋಣೆಗೆ ನಡೆದರು. ನಾನೂ ಹಿಂದೆಯೇ ಓಡಿದೆ. ಮಾವನವರು ಒಳಗಿದ್ದರು.

"ಸಾರ್, ಆ ಮಾತು ನೀವು ಆಡಿದ್ದೀರಿ," ಎಂದರು ಅಕ್ಕ. "ನಾನು ವೇದಿಕೆ ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗ ಏನೂ ತಿರುಚಿಲ್ಲ."

ಮಾವನವರು ಸಿಡಿದರು. "ಅವನು ನಿಮ್ಮನ್ನ ಓಡಿಸೋಕೆ ಊರೆಲ್ಲಾ ಓಡಾಡಿದ್ದಾನೆ. ಅವನಿಗೆ ವಕಾಲತ್ತಾ? ನಿಮ್ಮ ಕೆಲಸಾನೂ ಹೋಗುತ್ತೆ, ಗೊತ್ತಿರಲಿ."

"ಹೋಗ್ಲಿ ಬಿಡಿ. ಅವನು ನನಗೆ ಮಾಡಿದ್ದಕ್ಕೆ ನಾನೇ ಬೈತೀನಿ. ಮಾಡದೇ ಇರೋದಕ್ಕೆ ಅವನ ಅನ್ನ ಕಿತ್ಕೋಬೇಡಿ."

ಗೇಟಿನಿಂದ ಘೋಷಣೆ ಕೇಳುತ್ತಿತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿ, "ವಿಭಾಗದ ಮುಖ್ಯಸ್ಥರು ನೀವಲ್ವಾ? ನೀವೇನಂತೀರಿ?" ಎಂದರು.

ಮಾವನವರು ನನ್ನನ್ನೇ ನೋಡುತ್ತಿದ್ದರು. ನಮ್ಮ ಮದುವೆಯಲ್ಲಿ ನನ್ನ ಕೈಹಿಡಿದುಕೊಂಡು, ಗಂಡುಮಕ್ಕಳಿಲ್ಲದ ಕೊರಗು ಇವತ್ತಿಗೆ ತೀರಿತು ಎಂದಾಗಿನ ಅದೇ ಕಣ್ಣು. "ಆ ಹೇಳಿಕೆ ನನ್ನ ಹೆಸರಲ್ಲಿ ಹೋಗೋದು ಬೇಡ ಸಾರ್. ಆ ಕುರ್ಚಿಯಲ್ಲಿ ಅಕ್ಕನೇ ಕೂರಲಿ," ಎಂದೆ. ಧೀರನಂತೆ ಹೇಳಿದೆ ಅಂದುಕೊಳ್ಳಬೇಡ, ದನಿ ಬೆಕ್ಕಿನ ಮರಿಯದಾಗಿತ್ತು.

ಮಾವನವರು ಎದ್ದು ಹೊರಗೆ ಹೋದರು.

ಅಧ್ಯಕ್ಷರು ಅಕ್ಕನಿಗೆ, ಹಾಗಾದರೆ ಈಗ ಏನು ಮಾಡೋಣ, ನೀವೇ ಹೇಳಿ ಎಂದರು. ನಾಳೆ ಆಸ್ಪತ್ರೆಯ ಮುಂದೆ ನಿಂತು ಕ್ಷಮೆ ಕೇಳಿ, ಕಾಗದ ನೋಡಿ ಓದಬೇಡಿ ಎಂದರು ಅಕ್ಕ. ಹೊರಗೆ ಬಂದಾಗ ಕ್ಯಾಮೆರಾದವನು ಬಾಗಿಲ ಬಳಿ ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. "ನಿಂತು ಏನ್ ನೋಡ್ತೀಯಪ್ಪಾ?" ಎಂದರು ಅಕ್ಕ. "ಬೆಳಗ್ಗೆ ಆಸ್ಪತ್ರೆ ಮುಂದೆ ಬಿಸಿಲು ಯಾವ ಕಡೆ ಬೀಳುತ್ತೆ, ಹೋಗಿ ನೋಡ್ಕೊಂಡು ಬಾ."

ಅಧ್ಯಕ್ಷರು ಮಾರನೆಯ ದಿನ ಕ್ಷಮೆ ಕೇಳಿದರು. ಕೆಲವು ದಾದಿಯರು ಬೆನ್ನು ತಿರುಗಿಸಿದರು. ಒಬ್ಬ ಹಿರಿಯ ದಾದಿ ಮಾತ್ರ ಮುಂದೆ ಬಂದು, "ಕ್ಷಮೆ ಸರಿ, ಸಂಬಳದ ವಿಷಯ?" ಎಂದರು. ಅದನ್ನೂ ಕತ್ತರಿಸದೆ ಹಾಗೇ ಪತ್ರಿಕೆಗಳಿಗೆ ಕಳಿಸಿದವರು ಅಕ್ಕ.

ಈಗ ಕುರ್ಚಿ ಅವರದ್ದು, ಜೆರಾಕ್ಸ್ ಪಕ್ಕದ ಮೇಜು ನನ್ನದು. ನನ್ನ ವಾಕ್ಯಗಳಲ್ಲಿ ಇನ್ನೂ ಸೋಪಿನ ನೊರೆ ಜಾಸ್ತಿ ಎನ್ನುತ್ತಾ ತಿದ್ದುತ್ತಾರೆ. ಇಷ್ಟು ಸಂತೋಷವಾಗಿ ನಾನು ಎಲ್ಲೂ ಬೈಸಿಕೊಂಡಿಲ್ಲ. ಆದರೆ ಮಾವನವರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಅತ್ತೆಯ ಮೂಲಕವೇ ಕೇಳುತ್ತಾರೆ. ಅವರನ್ನು ನೋಯಿಸಿದ್ದಕ್ಕೆ ನೀನು ಬೈದರೆ ತಲೆಬಾಗುತ್ತೇನೆ. ಅಂದು ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ಪಡೆಯಲಾರೆ.

ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು.

ಹುದ್ದೆಯಲ್ಲಿ ಕೆಳಗಿಳಿದ,
ನಿನ್ನವನು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವನವರು ಬಂದು, "ಮಗಳಿಗಾ?" ಎಂದರು. ಕೈಚಾಚಿದರು. ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿ ಹೇಳಿದರು: "ಆ ಹೆಂಗಸನ್ನ ಕಚೇರಿಯಿಂದಲೇ ತೆಗೆಯೋಕೆ ನಾನು ಎಷ್ಟೋ ಸಲ ನೋಡ್ದೆ, ಆಗ್ಲಿಲ್ಲ. ಆಗದೇ ಇದ್ದಿದ್ದೇ ಒಳ್ಳೇದಾಯ್ತು ಅಂತ ಸೇರಿಸು. ಆದ್ರೆ ನಾನು ಹಾಗಂದೆ ಅಂತ ಬರೀಬೇಡ."