ತವರಿನ ಹೀರುಗಲ್ಲು

ಕರಿಗುಂಡ, ಮೂರನೇ ಬಾವಿಯ ನಲವತ್ತೊಂದನೇ ವರ್ಷ, ಹದಿಮೂರನೇ ತಿಂಗಳು.

ನಮ್ಮ ಹಿಂದಿನವರಿಗೆ ತುಳಜವ್ವನ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಒಂದು ಬಾವಿ ಕೆಟ್ಟು ಇನ್ನೊಂದನ್ನು ತೋಡಿದಾಗ ನಾವು ವರ್ಷವನ್ನು ಮತ್ತೆ ಒಂದರಿಂದ ಎಣಿಸುತ್ತೇವೆ. ಬೇಸಿಗೆ ಹನ್ನೆರಡು ತಿಂಗಳಿನೊಳಗೆ ಹಿಡಿಸದೆ ಹೋದದ್ದರಿಂದ ಹದಿಮೂರನೆಯದೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಅದರಿಂದ ಇಂದಿನವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಊರಿನ ಜನ ಬರೆಯುವುದನ್ನು ಬಿಟ್ಟಿಲ್ಲ, ಹೆಚ್ಚಾಗಿ ನಿಮ್ಮನ್ನು ಬಯ್ಯುವುದಕ್ಕೆ. ನನಗೆ ಬಯ್ಯಲು ಪುರುಸೊತ್ತಿಲ್ಲ. ನನ್ನ ಮೊಮ್ಮಗಳು ಹೊನ್ನಕ್ಕನಿಗೆ ಕುಡಿಯುವ ನೀರು ಬೇಕು.

ನೀವು ಜಿಯೋಲೈಟ್ ಎನ್ನುತ್ತಿದ್ದ ಕಲ್ಲನ್ನು ನಾವು ಹೀರುಗಲ್ಲು ಎನ್ನುತ್ತೇವೆ. ಕರಿಕಲ್ಲಿನ ಪೊಟರೆಗಳಲ್ಲಿ ಬೆಳ್ಳಗೆ, ಒಮ್ಮೊಮ್ಮೆ ನಸುಗೆಂಪಗೆ, ಹರಳುಗಟ್ಟಿ ಕೂತಿರುತ್ತದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳಿವೆ, ಅವು ಏನನ್ನಾದರೂ ಹಿಡಿದುಕೊಂಡೇ ಇರಬೇಕು. ಬೆಳಗಾದರೆ ಪ್ರತಿ ಮನೆಯಲ್ಲೂ ಮೊದಲು ಕೇಳುವುದು ಕಲ್ಲು ಹುರಿಯುವ ಸದ್ದು. ಹುರಿದು ತೇವ ಬಿಡಿಸಿದ ಕಲ್ಲನ್ನು ಜೋಳದ ಹಗೇವಿನ ಬಾಯಿಗೆ ಕಟ್ಟಿದರೆ ಕಾಳಿಗೆ ಬೂಸಲು ಹಿಡಿಯುವುದಿಲ್ಲ. ಪುಡಿಯನ್ನು ದನದ ಕೊಟ್ಟಿಗೆಯಲ್ಲಿ ಚೆಲ್ಲಿದರೆ ಗಂಜಲದ ಘಾಟು ಅಡಗುತ್ತದೆ. ಆಮೇಲೆ ಅದನ್ನೇ ಹೊಲಕ್ಕೆ ಹಾಕಿದರೆ ಹಿಡಿದಿಟ್ಟ ಸತ್ವವನ್ನು ಸ್ವಲ್ಪ ಸ್ವಲ್ಪವೇ ಬೇರಿಗೆ ಕೊಡುತ್ತದೆ. ಎದೆ ಕಟ್ಟಿದವರಿಗೆ ಉಸಿರುಡಬ್ಬಿ ಇದೆ. ಅದರಲ್ಲಿ ಗಾಳಿಯ ಸಾರಜನಕವನ್ನು ಕಲ್ಲು ತಡೆದು ಆಮ್ಲಜನಕವನ್ನು ಮುಂದೆ ಬಿಡುತ್ತದೆ, ತಿದಿ ಒತ್ತಲು ಗಟ್ಟಿ ಕೈ ಬೇಕು ಅಷ್ಟೆ. ಇಂಥ ಕಲ್ಲನ್ನು ನೀವು ಬೆಕ್ಕಿನ ಕಕ್ಕಸಿಗೆ ಸುರಿಯುತ್ತಿದ್ದಿರಂತೆ. ಕೇಳಿ ನಮ್ಮ ಮಕ್ಕಳು ಬಿದ್ದುಬಿದ್ದು ನಗುತ್ತವೆ. ನನಗೆ ನಗು ಬರುವುದಿಲ್ಲ.

ನೀರಿಗಂತೂ ಕಲ್ಲಿಲ್ಲದೆ ಗತಿಯಿಲ್ಲ. ನೀವು ಸತ್ತ ಬ್ಯಾಟರಿಗಳನ್ನೆಲ್ಲ ಹಳೆಯ ಕಲ್ಲುಗಣಿಗಳಲ್ಲಿ ತುಂಬಿ, ಮೇಲೆ ಮಣ್ಣೆಳೆದು ಕೈತೊಳೆದುಕೊಂಡಿರಿ. ಆ ಸೀಸ ನಮ್ಮ ಬಾವಿಗಳಿಗೆ ಇಳಿದಿದೆ. ಹೀರುಗಲ್ಲಿನ ಗಡಿಗೆಯಲ್ಲಿ ನೀರು ಸೋಸಿದರೆ ಕಲ್ಲು ತನ್ನಲ್ಲಿದ್ದ ಉಪ್ಪಿನಂಶವನ್ನು ಬಿಟ್ಟುಕೊಟ್ಟು ಸೀಸವನ್ನು ಒಳಗೆಳೆದುಕೊಳ್ಳುತ್ತದೆ. ನಾಲ್ಕು ತಲೆಮಾರು ನಾವು ಬದುಕಿದ್ದು ಹೀಗೆ.

ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನ ಗಡಿಗೆಯ ಕಲ್ಲನ್ನು ಬೊಗಸೆ ತುಂಬ ತೆಗೆದು ಉಡಿ ತುಂಬುತ್ತಾರೆ. ಹಳೆಯದಾದಷ್ಟೂ ಶ್ರೇಷ್ಠ. ರೊಟ್ಟಿಯ ಹಂಚು ಪಳಗಿದಂತೆ ಕಲ್ಲೂ ಪಳಗುತ್ತದೆಂದು ಎಲ್ಲರೂ ನಂಬಿದ್ದರು. ನನ್ನ ಮಗಳು ಪಾರುಬಾಯಿಯನ್ನು ಡೋಣಿ ನದಿಯ ದಂಡೆಯ ಊರಿಗೆ ಕೊಟ್ಟಾಗ ನನ್ನ ಅತ್ತೆ ತನ್ನ ಅತ್ತೆಯ ಕಾಲದ ಕಲ್ಲನ್ನೇ ಹುಡುಕಿ ತೆಗೆದಳು. “ಹೊಸಾ ಕಲ್ಲಿಗೆ ಏನ್ ತಿಳೀತೈತಿ? ನಮ್ಮ ಮಂದಿಗೆಲ್ಲಾ ನೀರು ಕೊಟ್ಟದ್ದು ಒಯ್ಯಿ ಯವ್ವಾ” ಎಂದು ಅವಳ ಉಡಿಗೆ ಸುರಿದು ಕಣ್ಣೊರೆಸಿಕೊಂಡಳು.

ಡೋಣಿ ಕಡೆಯ ನೀರು ಉಪ್ಪು. ಅದು ನಿಮಗೂ ಗೊತ್ತಿರಬೇಕು. ಅಂಥ ಉಪ್ಪುನೀರು ಸಿಕ್ಕಿತೆಂದರೆ ಕಲ್ಲು ತಿರುಗಿಬೀಳುತ್ತದೆ: ಉಪ್ಪನ್ನು ಒಳಗೆ ಕರೆದುಕೊಂಡು, ಹಿಡಿದಿಟ್ಟ ಸೀಸವನ್ನು ಹೊರಗೆ ಹಾಕುತ್ತದೆ. ನಮ್ಮ ಮನೆಯವರು ನಾಲ್ಕು ತಲೆಮಾರು ಕುಡಿಯದೆ ಪಾರಾದ ವಿಷವನ್ನು ನನ್ನ ಮಗಳು ತವರಿನ ನೀರೆಂದು ಕುಡಿದಳು. ಹೊಟ್ಟೆನೋವು ಶುರುವಾದಾಗ ಇದೇ ಮದ್ದೆಂದು ಇನ್ನೊಂದು ತಂಬಿಗೆ ಹೆಚ್ಚು ಕುಡಿದಳಂತೆ, ಕೂಸಿಗೂ ಕುಡಿಸಿದಳಂತೆ. ಆ ದಂಡೆಗೆ ಹೋದ ನಮ್ಮೂರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಣ್ಣಾದ ಮೇಲೆ ನಮಗೆ ಬುದ್ಧಿ ಬಂತು. ಪಾರುಬಾಯಿಯೂ ಹೋದಳು. ಅತ್ತೆಯನ್ನು ನಾನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಕೂಸು ಹೊನ್ನಕ್ಕ ಈಗ ನನ್ನ ಬಳಿ ಇದ್ದಾಳೆ. ಕಾಲು ಎಳೆಯುತ್ತಾಳೆ, ಈಗ ಕಲಿತ ಮಾತನ್ನು ಈಗಲೇ ಮರೆಯುತ್ತಾಳೆ. ಕೈಗೆ ತಂಬಿಗೆ ಕೊಟ್ಟಾಗಲೆಲ್ಲ “ಆಯಿ, ಇದು ಕುಡಿಯೋ ನೀರೇನ?” ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ. ಅದು ಸುಳ್ಳು. ಊರಿನ ಗಡಿಗೆಗಳ ಕಲ್ಲೆಲ್ಲ ತುಂಬಿಹೋಗಿದೆ, ಇನ್ನು ಏನನ್ನೂ ಹಿಡಿಯಲಾರದು. ಉಪ್ಪುನೀರಿನಲ್ಲಿ ತೊಳೆದರೆ ಸೀಸವೇನೋ ಬಿಡುತ್ತದೆ, ಆದರೆ ತೊಳೆದ ನೀರನ್ನು ಎಲ್ಲಿ ಚೆಲ್ಲಿದರೂ ಅದು ಕೊನೆಗೆ ಬಾವಿಗೇ ಇಳಿಯುತ್ತದೆ. ಹೊಸ ಕಲ್ಲು ಬೇಕು. ಸುತ್ತಲಿನ ಗುಡ್ಡಗಳನ್ನೆಲ್ಲ ನಮ್ಮ ಹಿರಿಯರು ಕೆರೆದು ಮುಗಿಸಿದ್ದಾರೆ.

ಊರಿನ ಮೂಡಣಕ್ಕೆ ಹಾಲಹರಳು ಎಂಬ ಗುಡ್ಡವಿತ್ತಂತೆ, ಅದರ ಹೊಟ್ಟೆಯ ತುಂಬ ಹೀರುಗಲ್ಲಿತ್ತಂತೆ. ನಿಮ್ಮ ಕಾಲದಲ್ಲಿ ಅದು ಇನ್ನೂ ನಿಂತಿದೆ. ರಸ್ತೆಗೆ ಜಲ್ಲಿ ಬೇಕೆಂದು ನೀವು ಅದಕ್ಕೆ ಸಿಡಿಮದ್ದು ಇಡುವವರಿದ್ದೀರಿ. ಬಿಳಿ ಹರಳು ಬಂದರೆ ಜಲ್ಲಿಗೆ ಬಾರದೆಂದು ಬದಿಗೆಸೆಯುತ್ತೀರಿ, ಚಂದದ ಒಂದೆರಡನ್ನು ಒಯ್ದು ಶೋಕೇಸಿನಲ್ಲಿಡುತ್ತೀರಿ. ಜಲ್ಲಿಗೆ ನಿಮಗೆ ಬೇರೆ ಗುಡ್ಡಗಳಿವೆ. ಕೈಮುಗಿದು ಕೇಳುತ್ತೇನೆ, ಇದೊಂದನ್ನು ಬಿಡಿ. ಇಡೀ ಗುಡ್ಡ ಬಿಡಲು ಮನಸ್ಸಾಗದಿದ್ದರೆ ಬಡಗಣ ಮಗ್ಗುಲನ್ನಾದರೂ ಬಿಡಿ. ಒಂದು ಕೂಸಿಗೆ ಅಷ್ಟು ಸಾಕು.

ನಿನ್ನೆ ಹೊನ್ನಕ್ಕನನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆ. ಗುಡ್ಡ ಇರಬೇಕಾದ ಕಡೆ ದೊಡ್ಡದೊಂದು ತಗ್ಗಿತ್ತು. ಅದು ನಿನ್ನೆಯ ಮಾತು. ಆಗ ನಾನಿನ್ನೂ ಈ ಕಾಗದ ಬರೆದಿರಲಿಲ್ಲ. ನಾಳೆ ಬೆಳಕು ಹರಿಯುತ್ತಲೇ ಅವಳನ್ನು ಕಟ್ಟಿಕೊಂಡು ಮತ್ತೆ ಹೋಗುತ್ತೇನೆ. ಕಲ್ಲು ಕೀಳಲು ಹಾರೆಯನ್ನೂ ಒಯ್ಯುತ್ತೇನೆ.