ಅಮ್ಮ ಸಾಯುವ ಅಧ್ಯಾಯ

ಮಾರ್ಚ್ ೧೧, ಮಂಗಳವಾರ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. "ಇನ್ನೇನೂ ಭಯ ಇಲ್ಲ" ಎಂದರು ಡಾಕ್ಟರು. ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ನನ್ನ ಕಾದಂಬರಿಯಲ್ಲಿ ಅಮ್ಮ ಸಾಯುವ ಅಧ್ಯಾಯವನ್ನು ಆಗಲೇ ಬರೆದು ಮುಗಿಸಿದ್ದೆ. ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಬರೆದಿಲ್ಲ. ನನಗೆ ಸುಖವೆಂದರೆ ಅದೇ, ಒಂದು ಪುಟ ಸರಿಯಾಗಿ ಕೂಡಿಬರುವುದು. ಭಯವೂ ಒಂದೇ, ಬದುಕಿರುವವರು ಅದನ್ನು ಕೆಡಿಸುವುದು.

ಬರೆದದ್ದನ್ನು ಸಂಜೆ ಅಮ್ಮನಿಗೆ ಓದಿ ಹೇಳುವುದು ಮೊದಲಿನಿಂದಲೂ ರೂಢಿ. ಇವತ್ತೂ ಕೇಳಿದಳು. ಯಾರದೋ ತಾಯಿಯ ಕತೆ ಎಂದು ಸುಳ್ಳು ಹೇಳಿ ಅದನ್ನೇ ಓದಿದೆ. ಮಲಗಿದಲ್ಲೇ ಹೊದಿಕೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಇರುವ ಮುದುಕಿಯ ಬೆರಳುಗಳ ವಿಷಯ ಬಂತು. ಅಮ್ಮನ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ಹಾಗೇ ನಿಂತವು. ನಾನು ನಿಲ್ಲಿಸಲಿಲ್ಲ. ಕೊನೆಯ ಉಸಿರಿನವರೆಗೂ ಓದಿದೆ.

"ಚೆನ್ನಾಗಿದೆ ಕಣೋ" ಎಂದಳು. "ಆದ್ರೆ ತುಂಬಾ ಬೇಗ ಹೋಗ್ಬಿಟ್ಲು. ಇನ್ನೊಂದೆರಡು ಪುಟ ಇರ್ಲಿ ಬಿಡೋ, ಪಾಪ."

ಈಗ ಮತ್ತೆ ಕೂತು ನೋಡಿದೆ. ಎರಡು ಪುಟವೆಂದರೆ ಹೆಚ್ಚಾಯಿತು, ಕತೆ ಎಳೆದಂತಾಗುತ್ತದೆ. ಅರ್ಧ ಪುಟ ಕೊಟ್ಟಿದ್ದೇನೆ.